ಅಪ್‌ಟೈಮ್ ಕುಮಾ: ಲೋಡ್ ಬ್ಯಾಲೆನ್ಸರ್ ಹಿಂದಿನ ಸರ್ವರ್‌ಗಳಿಗೊಂದು ಕಾವಲು

ಧಾರವಾಡದ ಕೋಚಿಂಗ್ ಸೆಂಟರ್‌ಗಳ ಆನ್‌ಲೈನ್ ಟೆಸ್ಟ್‌ನಂಥ ಸೈಟಿಗೆ ಮೂರು ವೆಬ್ ಸರ್ವರ್, ಮುಂದೊಂದು ಲೋಡ್ ಬ್ಯಾಲೆನ್ಸರ್ (ಬಂದವರನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಇದ್ದರೆ, ಒಂದು ಸರ್ವರ್ ಸತ್ತರೂ ಸೈಟ್ ತೆರೆಯುತ್ತಲೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹುಡುಗರೆಲ್ಲ ಒಮ್ಮೆಲೇ ಲಾಗಿನ್ ಆದಾಗ ಉಳಿದೆರಡೂ ಕುಸಿದು ಕೂರುತ್ತವೆ. ಡೊಮೇನ್ ಹೆಸರೊಂದನ್ನೇ ಚೆಕ್ ಮಾಡುತ್ತಿದ್ದರೆ ಆವರೆಗೂ ಸುಳಿವು ಸಿಗುವುದಿಲ್ಲ.

ಪ್ರತಿ ಸರ್ವರನ್ನೂ ಅದರ ಪ್ರೈವೇಟ್ ಐಪಿಯಲ್ಲೇ (ಒಳ ನೆಟ್‌ವರ್ಕಿನ ವಿಳಾಸದಲ್ಲೇ) ಮಾತಾಡಿಸಬೇಕು. ಹುಬ್ಬಳ್ಳಿ-ಧಾರವಾಡದ ಸಣ್ಣ ತಂಡಗಳಿಗೆ ಅದಕ್ಕೆ ಸರ್ವರ್‌ಗಳನ್ನು ಆಗಾಗ ಚೆಕ್ ಮಾಡಿ, ನಿಂತರೆ ಮೆಸೇಜ್ ಕಳಿಸುವ ಅಪ್‌ಟೈಮ್ ಕುಮಾ ಎಂಬ ಸಾಫ್ಟ್‌ವೇರ್ ಸಾಕು. ಉಚಿತ, ಓಪನ್ ಸೋರ್ಸ್. ಒಂದೇ ಡಾಕರ್ ಕಂಟೇನರ್ (ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಸಾಫ್ಟ್‌ವೇರ್ ಪೊಟ್ಟಣ), 3001ನೇ ಪೋರ್ಟ್. ಡೇಟಾ ಫೋಲ್ಡರ್ ಮಾತ್ರ ಲೋಕಲ್ ಡಿಸ್ಕಿನಲ್ಲೇ ಇರಲಿ, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಡಿಸ್ಕ್) ಮೇಲೆ ಕುಮಾದ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್ ಕೆಡುವ ಭಯವಿದೆ.

ಬಹಳ ಜನ ಎಡವುವುದು ರಿಡೈರೆಕ್ಟ್‌ನಲ್ಲಿ. ಐಪಿ ಹಾಕಿದರೆ ಸರ್ವರ್ 301 (‘ಬೇರೆ ವಿಳಾಸಕ್ಕೆ ಹೋಗಿ’ ಎಂಬ ಉತ್ತರ) ಕೊಟ್ಟು ಎಚ್‌ಟಿಟಿಪಿಎಸ್ ಡೊಮೇನಿಗೆ ಕಳಿಸುತ್ತದೆ. ಕುಮಾ ತಾನಾಗಿ 10 ರಿಡೈರೆಕ್ಟ್‌ವರೆಗೆ ಹಿಂದೆ ಹೋಗುತ್ತದೆ. ಹೋಗಿ ತಲುಪುವುದು ಲೋಡ್ ಬ್ಯಾಲೆನ್ಸರಿಗೆ! ಉತ್ತರ ಕೊಡುವುದು ಬೇರೆ ಸರ್ವರ್, ಪರದೆ ಮೇಲೆ ಹಸಿರು. ಮ್ಯಾಕ್ಸ್ ರಿಡೈರೆಕ್ಟ್ಸ್ 0 ಮಾಡಿ, ಹೆಲ್ತ್ ಪುಟವನ್ನು (ಸರ್ವರ್ ಸರಿಯಿದೆಯೇ ಎಂದು ಹೇಳುವ ಪುಟ) ರಿಡೈರೆಕ್ಟ್‌ನಿಂದ ಹೊರಗಿಡಿ, ಹೆಡರ್ಸ್‌ನಲ್ಲಿ ಹೋಸ್ಟ್ ಆಗಿ ಡೊಮೇನ್ ಹೆಸರು ಕೊಡಿ. ಆ ಪುಟ ತನ್ನ ಸರ್ವರಿನ ಹೆಸರನ್ನೇ ಬರೆಯಲಿ. ಕೀವರ್ಡ್ ಮಾನಿಟರ್‌ನಲ್ಲಿ (ಪುಟದಲ್ಲಿ ಒಂದು ಪದ ಇದೆಯೇ ಎಂದು ನೋಡುವ ಚೆಕ್) ಅದೇ ಹೆಸರು ಹಾಕಿದರೆ, ಉತ್ತರ ಕೊಟ್ಟದ್ದು ಯಾರೆಂಬ ಅನುಮಾನವೇ ಉಳಿಯುವುದಿಲ್ಲ.

ಹೆಲ್ತ್ ಪುಟ ಎರಡಿರಲಿ. ಲೋಡ್ ಬ್ಯಾಲೆನ್ಸರ್ ನೋಡುವುದು ಹಗುರವಾಗಿರಬೇಕು. ಅದರಲ್ಲಿ ಡೇಟಾಬೇಸ್ ಚೆಕ್ ಸೇರಿಸಿದರೆ, ಡೇಟಾಬೇಸ್ ಒಮ್ಮೆ ತಡವರಿಸಿದಾಗ ಮೂರೂ ಸರ್ವರ್ ಒಟ್ಟಿಗೆ ಸಾಲಿನಿಂದ ಹೊರಬೀಳುತ್ತವೆ. ಡೇಟಾಬೇಸ್ ಮುಟ್ಟಿ ನೋಡುವ ಪುಟ ಕುಮಾಗೆ.

ಇಂಟರ್ವಲ್ (ಚೆಕ್‌ಗಳ ನಡುವಿನ ಅಂತರ) 60 ಸೆಕೆಂಡ್, ರಿಟ್ರೈ (ಮರುಯತ್ನ) 2, ರಿಟ್ರೈ ಇಂಟರ್ವಲ್ 20 ಇಟ್ಟರೆ, ಟೈಮ್‌ಔಟ್ ಬಿಟ್ಟು, ಹೆಚ್ಚೆಂದರೆ 100 ಸೆಕೆಂಡಿನಲ್ಲಿ ಟೆಲಿಗ್ರಾಮ್ ಮೆಸೇಜ್ ಬರುತ್ತದೆ. ರಿಟ್ರೈ ಇಲ್ಲದಿದ್ದರೆ ಪ್ರತಿ ರೀಸ್ಟಾರ್ಟಿಗೂ ಫೋನ್ ಕಿರುಚಿ, ಕೊನೆಗೆ ಜನ ಮ್ಯೂಟ್ ಮಾಡಿಬಿಡುತ್ತಾರೆ.

ಗೋಕುಲ ರೋಡಿನ ಆಫೀಸಿನ ಮೂಲೆಯ ಪಿಸಿಯಲ್ಲಿ ಇದನ್ನು ಇಡಬೇಡಿ. ಕರೆಂಟೋ ಬ್ರಾಡ್‌ಬ್ಯಾಂಡೋ ಹೋದರೆ ಕಾವಲೇ ಮಲಗಿತು. ಸರ್ವರ್‌ಗಳು ಮುಂಬೈ ಡೇಟಾ ಸೆಂಟರಿನಲ್ಲಿದ್ದರೆ ಅದೇ ಪ್ರೈವೇಟ್ ನೆಟ್‌ವರ್ಕಿನ ಪುಟ್ಟ ವಿಎಂ (ವರ್ಚುವಲ್ ಸರ್ವರ್) ಸಾಕು, ಜೊತೆಗೆ ಡೊಮೇನಿಗೊಂದು ಹೊರಗಿನ ಚೆಕ್.

ಕೊರತೆಯೂ ಇದೆ. ಆಟೋಸ್ಕೇಲಿಂಗ್‌ನಲ್ಲಿ ಜನ ಹೆಚ್ಚಿದಂತೆ ತಾನಾಗಿ ಹುಟ್ಟುವ ಹೊಸ ಸರ್ವರನ್ನು ಕುಮಾ ತಾನಾಗಿ ಗುರುತಿಸದು, ಒಂದೊಂದನ್ನೂ ಕೈಯಿಂದಲೇ ಸೇರಿಸಬೇಕು. ಅಂಥಲ್ಲಿ ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಕಲಿಯುವುದೇ ವಾಸಿ. ಐದಾರು ಖಾಯಂ ಸರ್ವರ್ ಇರುವವರು ಇದನ್ನೇ ಹಾಕಿ. ಹಾಕಿದ ದಿನವೇ ಒಂದು ಸರ್ವರಿನ ಎಂಜಿನ್‌ಎಕ್ಸ್ (ವೆಬ್ ಸರ್ವರ್ ಸಾಫ್ಟ್‌ವೇರ್) ನಿಲ್ಲಿಸಿ, ಮೆಸೇಜ್ ಬರುವವರೆಗೆ ಗಡಿಯಾರ ಹಿಡಿದು ಕೂರಿ.