ಸ್ಕಾರ್ಫ್ ಕೆಂಪಾಗಿಸಿದ ಸನ್‌ಸ್ಕ್ರೀನ್, ಮುಖ ಬೂದಿಯಾಗಿಸಿದ ಸನ್‌ಸ್ಕ್ರೀನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಂಕ್ ಆಕ್ಸೈಡ್ ಇರುವ ಲೋಷನ್‌ಗೆ. ಹಚ್ಚಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಬಾಟಲಿ ಅಲುಗಾಡಿಸದೆ ಸುರಿದರೆ ಬರೀ ಎಣ್ಣೆನೀರು ಬರುತ್ತದೆ. ಆದರೂ ಅದೇ. ಕಾರಣ ಕೇಳಿ ನಗಬೇಡಿ: ನನ್ನ ಬಿಳಿ ಸ್ಕಾರ್ಫ್‌ಗಳು.

ಕಲಬುರಗಿಯಲ್ಲಿ ಬೇಸಿಗೆ ಅಂದರೆ 42 ಡಿಗ್ರಿ ಮಾಮೂಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿನಿಂದ ತಪ್ಪಿಸಿಕೊಳ್ಳಲಿ ಅಂತ ಮಾಡಿದ್ದು. ಆದರೆ ನಾನು ಗಾಡಿ ಹತ್ತುವುದೇ ಒಂದೂವರೆಗೆ! ಸೂಪರ್ ಮಾರ್ಕೆಟ್ ದಾಟಿ ಸೇಡಂ ರಸ್ತೆ ಕಡೆ ಮನೆ ಮುಟ್ಟುವುದರಲ್ಲಿ ಜೀವ ಬಾಯಿಗೆ ಬಂದಿರುತ್ತದೆ. ಹೆಲ್ಮೆಟ್ ಒಳಗೆ ಸ್ಕಾರ್ಫ್, ಸ್ಕಾರ್ಫ್ ಒಳಗೆ ಮುಖ. ಸ್ಕಾರ್ಫ್ ಇದ್ದ ಮೇಲೆ ಸನ್‌ಸ್ಕ್ರೀನ್ ಯಾಕೆ ಅಂತೀರಾ? ತೆಳು ಬಿಳಿ ಹತ್ತಿ ಬಟ್ಟೆಯೊಳಗಿಂದ ಬಿಸಿಲಿನ ಯುವಿ (ಅತಿನೇರಳೆ) ಕಿರಣ ಸಾಕಷ್ಟು ನುಸುಳುತ್ತದೆ. ಬಟ್ಟೆ ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ.

ಎರಡು ಬೇಸಿಗೆಯಲ್ಲಿ ಮೂರು ಸನ್‌ಸ್ಕ್ರೀನ್ ಬಳಸಿದೆ. ಮೂರರ ಮೇಲೂ ಎಸ್‌ಪಿಎಫ್ (ಬಿಸಿಲಿಗೆ ಚರ್ಮ ಸುಡದಂತೆ ಎಷ್ಟು ಕಾಯುತ್ತದೆ ಅನ್ನುವ ಅಳತೆ) 50 ಅಂತಲೇ ಇದೆ, ಹಾಗಾಗಿ ಆ ಮಾತು ಬಿಡೋಣ.

ಮೊದಲನೆಯದು ಮೆಡಿಕಲ್ ಶಾಪ್‌ನವರು ಕೊಟ್ಟ ಜೆಲ್, 50 ಗ್ರಾಂಗೆ 400 ರೂಪಾಯಿ ಹತ್ತಿರ. ಹಚ್ಚಿದ್ದೇ ಗೊತ್ತಾಗುವುದಿಲ್ಲ, ನೀರಿನ ಹಾಗೆ ಇಳಿದುಬಿಡುತ್ತದೆ. ಒಂದು ತಿಂಗಳು ಇದನ್ನು ಎಲ್ಲರಿಗೂ ಹೊಗಳಿಕೊಂಡು ತಿರುಗಿದೆ. ಆಮೇಲೆ ಒಂದು ಭಾನುವಾರ ಸ್ಕಾರ್ಫ್‌ಗಳನ್ನು ಪೌಡರ್ ಹಾಕಿ ನೆನೆಸಿದೆ. ಒಣಹಾಕುವಾಗ ನೋಡಿದರೆ ಹಣೆ, ಕೆನ್ನೆ ತಾಗುವ ಜಾಗದಲ್ಲೆಲ್ಲ ಕೇಸರಿ ಕಲೆ.

‘ಇದೇನ್ ಹತ್ತೇದ ಇದಕ್ಕ? ಅರಿಶಿಣ ಚೆಲ್ಲಿದಿ ಏನು?’ ಅಂದರು ಅವ್ವ.

ಅರಿಶಿಣ ಆಗಿದ್ದರೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಇದು ಎರಡು ದಿನ ಮಾಳಿಗೆಯ ಮೇಲೆ ಬಿದ್ದಿದ್ದರೂ ಮಾಸಲಿಲ್ಲ. ಸಿಟ್ಟು ಬಂದು ಒಂದು ಸ್ಕಾರ್ಫನ್ನು ಬ್ಲೀಚಿಂಗ್ ಪೌಡರ್ ನೀರಿಗೆ ಅದ್ದಿದೆ. ಕೇಸರಿ ಹೋಗಿ ಕಂದು ಆಯಿತು! ಆ ಸ್ಕಾರ್ಫ್ ಕಥೆ ಅಲ್ಲಿಗೆ ಮುಗಿಯಿತು.

ನಾನು ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವಳು. ಓದಿದ್ದು ಉಪಯೋಗಕ್ಕೆ ಬಂದದ್ದು ಕಡಿಮೆ, ಆದರೆ ಈ ಸಲ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಲು ಕೂತೆ. ಬ್ಯೂಟೈಲ್ ಮೆಥಾಕ್ಸಿಡೈಬೆನ್ಜಾಯ್ಲ್‌ಮೀಥೇನ್ ಅಂತ ಇತ್ತು. ಇದರ ಕರೆಯುವ ಹೆಸರು ಆವೊಬೆನ್‌ಜೋನ್. ಯುವಿಯಲ್ಲೇ ಒಂದು ಬಗೆಯಾದ ಯುವಿಎ ಕಿರಣವನ್ನು, ಅದರಲ್ಲೂ ಅಲೆಯುದ್ದ 357 ನ್ಯಾನೋಮೀಟರ್ ಸುತ್ತಮುತ್ತ ಇರುವುದನ್ನು ಚೆನ್ನಾಗಿ ಹೀರುತ್ತದೆ. ಕೆಲಸಗಾರ ಒಳ್ಳೆಯವನೇ. ಸಹವಾಸ ಸರಿಯಿಲ್ಲ.

ಈ ಅಣುವಿನಲ್ಲಿ ಎರಡು ಆಕ್ಸಿಜನ್ ಪರಮಾಣು ಇಕ್ಕಳದ ಎರಡು ತುದಿಯ ಹಾಗೆ ಎದುರುಬದುರು ಕೂತಿವೆ. ನಡುವೆ ಕಬ್ಬಿಣ ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಿಡಿದ ಮೇಲೆ ಬಣ್ಣ ಬರುತ್ತದೆ. ಬಟ್ಟೆ ಪೌಡರ್‌ನ ಕ್ಷಾರ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಇನ್ನು ಕಬ್ಬಿಣ ಎಲ್ಲಿಂದ ಬಂತು? ನಮ್ಮ ಮನೆಯ ಬೋರ್‌ವೆಲ್ ನೀರು ತುಂಬಿದ ಬಕೆಟ್ ಅಂಚು ನೋಡಿದರೆ ಸಾಕು, ತುಕ್ಕಿನ ಗೆರೆ ಕೂತಿರುತ್ತದೆ.

ನಂಬಿಕೆ ಆಗದೆ ಒಂದು ಪರೀಕ್ಷೆ ಮಾಡಿದೆ. ಹಳೆಯ ಬಿಳಿ ಪಂಚೆಯಿಂದ ಎರಡು ತುಂಡು ಹರಿದು ಎರಡಕ್ಕೂ ಜೆಲ್ ಹಚ್ಚಿದೆ. ಒಂದನ್ನು ಬೋರ್ ನೀರಲ್ಲಿ, ಇನ್ನೊಂದನ್ನು ಫಿಲ್ಟರ್ ನೀರಿನ ಕ್ಯಾನ್‌ನಿಂದ ತೆಗೆದ ನೀರಲ್ಲಿ ಒಗೆದೆ. ಪೌಡರ್ ಎರಡಕ್ಕೂ ಅದೇ. ಬೋರ್ ನೀರಿನದು ಕೇಸರಿ ಆಯಿತು. ಕ್ಯಾನ್ ನೀರಿನದರಲ್ಲಿ ನಸುಹಳದಿ ಛಾಯೆ ಬಿಟ್ಟರೆ ಏನಿಲ್ಲ. ಕುಡಿಯುವ ನೀರಲ್ಲಿ ಬಟ್ಟೆ ಒಗೆದದ್ದಕ್ಕೆ ಬೈಸಿಕೊಂಡದ್ದು ಬೇರೆ.

ಅವ್ವ ಅರಿಶಿಣ ಅಂದದ್ದು ಪೂರಾ ಸುಳ್ಳಲ್ಲ. ಅರಿಶಿಣಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್‌ನಲ್ಲೂ ಇದೇ ಥರದ ಇಕ್ಕಳ ಇದೆ. ಅರಿಶಿಣಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ಲ, ಅರಿಶಿಣದ ಕಲೆಗೆ ಸೋಪು ತಿಕ್ಕಿದರೆ ರಕ್ತದ ಹಾಗೆ ಕಾಣುತ್ತದಲ್ಲ, ಅಲ್ಲೂ ಕ್ಷಾರದ್ದೇ ಕೈವಾಡ. ಎರಡೂ ದೂರದ ಸಂಬಂಧಿಕರು ಅನ್ನಿ.

ಕಲೆ ತೆಗೆಯುವ ದಾರಿಯೂ ಇಲ್ಲೇ ಸಿಕ್ಕಿತು. ಬ್ಲೀಚ್ ಹಾಕಿದರೆ ಕಬ್ಬಿಣ ಎಲ್ಲೂ ಹೋಗುವುದಿಲ್ಲ, ತುಕ್ಕಾಗಿ ಕೂರುತ್ತದೆ. ಕಬ್ಬಿಣವನ್ನು ಆ ಇಕ್ಕಳದಿಂದ ಬಿಡಿಸಬೇಕು. ಅದಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಬಿಸಿನೀರಿಗೆ ಎರಡು ಚಮಚ ಹಾಕಿ ಒಂದು ಗಂಟೆ ನೆನೆಸಿದೆ. ಬ್ಲೀಚ್ ಕಾಣದ ಎರಡು ಸ್ಕಾರ್ಫ್ ಬಹುಪಾಲು ಬೆಳ್ಳಗಾದವು. ಪೌಡರ್ ಹಾಕುವ ಮೊದಲೇ ಇದನ್ನು ಮಾಡಬೇಕು. ಆದರೆ ವಾರಕ್ಕೆ ಆರು ಸ್ಕಾರ್ಫ್‌ಗೆ ಈ ಪೂಜೆ ಯಾರು ಮಾಡುತ್ತಾರೆ?

ಜೆಲ್ ಮೇಲೆ ಇನ್ನೊಂದು ದೂರು. ಆವೊಬೆನ್‌ಜೋನ್ ಬಿಸಿಲಲ್ಲಿ ತಾನೇ ನಿಧಾನಕ್ಕೆ ಮುರಿದು ಹೋಗುತ್ತದೆ. ಅದನ್ನು ಕಾಯಲು ಆಕ್ಟೋಕ್ರಿಲೀನ್‌ನಂಥದ್ದನ್ನು ಜೊತೆಗೆ ಹಾಕುತ್ತಾರೆ. ನನ್ನ ಟ್ಯೂಬಿನಲ್ಲಿ ಅದು ಇರಲಿಲ್ಲ. ಬದಲಿಗೆ ಯುವಿ ಹೀರುವ ಇನ್ನೊಂದು ರಾಸಾಯನಿಕ, ಆಕ್ಟಿನಾಕ್ಸೇಟ್ ಇತ್ತು. ಅದನ್ನೂ ಆವೊಬೆನ್‌ಜೋನನ್ನೂ ಒಟ್ಟಿಗೆ ಬಿಸಿಲಿಗೆ ಬಿಟ್ಟರೆ ಒಂದನ್ನೊಂದು ಕೆಡಿಸುತ್ತವೆ. ಅತ್ತೆ ಸೊಸೆ ಕಥೆ.

ಮತ್ತೆ ಕಣ್ಣುರಿ. ಹೆಲ್ಮೆಟ್ ಒಳಗಿನ ಬೆವರು ಹಣೆಯ ಜೆಲ್ಲನ್ನು ಎತ್ತಿಕೊಂಡು ಕಣ್ಣಿಗೇ ಇಳಿಯುತ್ತದೆ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಒಂದು ಕಣ್ಣು ಮುಚ್ಚಿಕೊಂಡು ನಿಂತದ್ದು ಎಷ್ಟೋ ಸಲ.

ಈಗ ಜಿಂಕ್ ಲೋಷನ್. ಇದು ಕನ್ನಡಿಯ ಹಾಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಜಿಂಕ್ ಆಕ್ಸೈಡ್ ಕೂಡ ಯುವಿಯನ್ನು ಮುಖ್ಯವಾಗಿ ಹೀರಿಕೊಂಡು ಶಾಖ ಮಾಡುತ್ತದೆ. ಚದುರಿಸಿ ವಾಪಸ್ ಕಳಿಸುವುದು ಸ್ವಲ್ಪ ಮಾತ್ರ. ಆದರೆ ಅದು ಖನಿಜದ ಪುಡಿ, ಬಿಸಿಲಿಗೆ ಮುರಿಯುವ ಮಾತೇ ಇಲ್ಲ. ಚರ್ಮಕ್ಕೂ ಹೊಸದಲ್ಲ, ಬೆವರುಗುಳ್ಳೆಗೆ ಹಚ್ಚುವ ಕ್ಯಾಲಮೈನ್‌ನಲ್ಲಿ ಇರುವುದೂ ಇದೇ. ಕಣ್ಣಿಗೆ ಇಳಿದರೂ ಉರಿ ಇಲ್ಲ. ಬೋರ್ ನೀರಲ್ಲಿ ಒಗೆದರೂ ಕೇಸರಿ ಆಗುವುದಿಲ್ಲ. ನನಗೆ ಇಷ್ಟು ಸಾಕಿತ್ತು.

ತಕರಾರು ಇಲ್ಲ ಅಂತಲ್ಲ. ಮೊದಲ ದಿನ ಆಫೀಸಿನಲ್ಲಿ ಸ್ಕಾರ್ಫ್ ಬಿಚ್ಚಿದಾಗ ಪಕ್ಕದ ಟೇಬಲ್‌ನಿಂದ, ‘ಏನ್ರೀ ಮೇಡಂ, ಮಾರಿಗೆಲ್ಲಾ ವಿಭೂತಿ ಹಚ್ಕೊಂಡು ಬಂದೀರಿ?’ ಅಂತ ಬಂತು. ಉಪ್ಪಿನ ಹರಳು ಗಾಜಿನ ಹಾಗಿದ್ದರೂ ಪುಡಿ ಮಾಡಿದರೆ ಬೆಳ್ಳಗಿರುತ್ತದಲ್ಲ, ಇದೂ ಹಾಗೆಯೇ. ಕಣಗಳು ಬೆಳಕನ್ನು ಚದುರಿಸುತ್ತವೆ. ಕಣಗಳು ತೀರಾ ತೀರಾ ಸಣ್ಣವಾದರೆ ಮಾತ್ರ ಬಿಳುಪು ಕಡಿಮೆ. ಕಣಗಳು ಗಂಟುಕಟ್ಟದಿರಲಿ ಅಂತ ಸಿಲಿಕೋನ್ ಲೇಪ ಕೊಡುತ್ತಾರೆ. ಆದರೂ ನಮ್ಮಂಥ ಕಪ್ಪು ಬಣ್ಣದ ಮುಖದ ಮೇಲೆ ಅಡಗುವುದಿಲ್ಲ. ಎರಡು ಬೆರಳಿನಷ್ಟು ಉದ್ದ ತೆಗೆದು ಎರಡು ಸುತ್ತಿನಲ್ಲಿ ಹಚ್ಚುವುದು ಕಲಿತೆ. ಕಾಲು ಗಂಟೆಯಲ್ಲಿ ಬೂದಿ ಸ್ವಲ್ಪ ಇಳಿಯುತ್ತದೆ. ಉಳಿದದ್ದು ಹೇಗೂ ಸ್ಕಾರ್ಫ್ ಒಳಗೆ. ಬಿಳಿ ಕಾಣುತ್ತದೆ ಅಂತ ಕಡಿಮೆ ಹಚ್ಚಿದರೆ ಮಾತ್ರ ದುಡ್ಡು ದಂಡ. ಡಬ್ಬದ ಮೇಲಿನ ಎಸ್‌ಪಿಎಫ್ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಸುಮ್ನೆ ಚುಕ್ಕಿ ಇಟ್ಟುಕೊಂಡರೆ ಆ 50 ಬರುವುದಿಲ್ಲ.

ಬಾಟಲಿಯೊಳಗೆ ಒಂದು ಸಣ್ಣ ಗುಂಡು ಇದೆ. ಅಲುಗಾಡಿಸಲು. ಜಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟು ಭಾರ, ತಳಕ್ಕೆ ಕೂರುತ್ತದೆ. ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ. ನಾನು ಇಟ್ಟಿದ್ದೆ. ಒಂದೇ ಮಧ್ಯಾಹ್ನದಲ್ಲಿ ಎಣ್ಣೆ ಬೇರೆ ನೀರು ಬೇರೆ ಆಗಿ ಒಡೆದ ಹಾಲಿನ ಹಾಗಾಯಿತು. ಆಮೇಲೆ ಎಷ್ಟು ಅಲುಗಾಡಿಸಿದರೂ ಕೂಡಲಿಲ್ಲ.

ಮೂರನೆಯದು ಬೆಂಗಳೂರಿನಲ್ಲಿರುವ ತಂಗಿ ತಂದುಕೊಟ್ಟ ಕ್ರೀಮ್. ಬೆಮೊಟ್ರಿಜಿನಾಲ್, ಈಥೈಲ್‌ಹೆಕ್ಸೈಲ್ ಟ್ರೈಅಜೋನ್ ಅಂತ ಹೊಸ ಕಾಲದ ಫಿಲ್ಟರ್‌ಗಳು, ಅಂದರೆ ಯುವಿ ತಡೆಯುವ ರಾಸಾಯನಿಕಗಳು. ಬಿಸಿಲಿಗೆ ಸುಲಭಕ್ಕೆ ಮುರಿಯುವುದಿಲ್ಲ, ಬೂದಿ ಇಲ್ಲ, ಸ್ಕಾರ್ಫ್‌ಗೆ ಕಲೆಯೂ ಬರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಮೂರರಲ್ಲಿ ಇದೇ ಒಳ್ಳೆಯದು. ಆದರೆ 40 ಗ್ರಾಂಗೆ 900 ರೂಪಾಯಿ. ದಿನಕ್ಕೆ ಮುಖ, ಕುತ್ತಿಗೆಗೆ ಒಂದೂಕಾಲು ಗ್ರಾಂ ಹಿಡಿದರೆ 32 ದಿನಕ್ಕೆ ಖಾಲಿ. ನನ್ನ ಜಿಂಕ್ ಲೋಷನ್ 100 ಗ್ರಾಂಗೆ 650, ಎರಡೂವರೆ ತಿಂಗಳು ಬರುತ್ತದೆ. ತಂಗಿಗೆ ಎಸಿ ಆಫೀಸು, ಮೆಟ್ರೋ. ಅವಳ ಲೆಕ್ಕ ಬೇರೆ.

ಬಿಳಿ ಸ್ಕಾರ್ಫ್ ಕಟ್ಟದವರಿಗೆ, ಮನೆಯ ನೀರಲ್ಲಿ ಕಬ್ಬಿಣ ಇಲ್ಲದವರಿಗೆ ಜೆಲ್ ನಡೆಯಬಹುದು. ಕೊಳ್ಳುವಾಗ ಆಕ್ಟೋಕ್ರಿಲೀನ್ ಇದೆಯಾ ನೋಡಿಕೊಳ್ಳಿ. ನನ್ನ ಹತ್ತಿರ ಅರ್ಧ ಟ್ಯೂಬ್ ಇನ್ನೂ ಇದೆ. ಕರಿ ಕುರ್ತಾ ಹಾಕಿದ ದಿನ ಕೈಗೆ, ಕುತ್ತಿಗೆಗೆ ಅದನ್ನೇ ಹಚ್ಚುತ್ತೇನೆ. ಯಾಕಂದರೆ ಜಿಂಕ್ ಕರಿ ಬಟ್ಟೆಯ ಕಾಲರಿಗೆ ಸುಣ್ಣ ಹೊಡೆದ ಹಾಗೆ ಹತ್ತುತ್ತದೆ. ಬ್ಲೀಚ್ ಮಾಡಿ ಕೆಡಿಸಿದ ಸ್ಕಾರ್ಫ್ ಗಾಡಿಯ ಸೀಟು ಒರೆಸುವ ಬಟ್ಟೆಯಾಗಿದೆ. ಅವ್ವ ಈಗಲೂ ಅದನ್ನು ಅರಿಶಿಣದ ಬಟ್ಟೆ ಅಂತಲೇ ಕರೆಯುತ್ತಾರೆ.