ವಿಂಡೋಸ್, ಲಿನಕ್ಸ್ ಮಿಂಟ್ ಎರಡನ್ನೂ ಅಂಗಡಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ: ಯಾವುದು ಸೇಫ್?

ಮಂಡ್ಯದಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಒಂದು ಮಷೀನ್‌ನಲ್ಲಿ ವಿಂಡೋಸ್, ಇನ್ನೊಂದರಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್. ಎರಡರಲ್ಲೂ ದಿನಾ ಕೆಲಸ ನಡೆಯುತ್ತದೆ. ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಬರಹ, ಮಿಂಟ್‌ನಂತೆ ಎಲ್ಲರಿಗೂ ತೆರೆದಿದ್ದರೆ (ಓಪನ್ ಸೋರ್ಸ್) ಸೇಫ್, ವಿಂಡೋಸ್‌ನಂತೆ ಮುಚ್ಚಿದ್ದರೆ ಅಪಾಯ ಅಂತ ಕೆಲವರು ವಾದ ಮಾಡುತ್ತಾರೆ, ಇನ್ನು ಕೆಲವರು ಅದನ್ನೇ ಉಲ್ಟಾ ಹೇಳುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬೇರೆ: ಸಾಫ್ಟ್‌ವೇರ್‌ನಲ್ಲಿ ಕಳ್ಳರು ನುಗ್ಗುವಂಥ ತೂತು ಸಿಕ್ಕಾಗ ಅದನ್ನು ಮುಚ್ಚುವ ಅಪ್‌ಡೇಟ್ ನಿಮ್ಮ ಮಷೀನಿಗೆ ಬರುತ್ತದಾ, ಬಂದರೆ ನೀವು ಹಾಕಿಕೊಳ್ಳುತ್ತೀರಾ?

ಆದರೂ ನನ್ನ ಓಟು ಮಿಂಟ್‌ಗೆ. ಕಾರಣ ಪೆನ್ ಡ್ರೈವ್. ನಮ್ಮಲ್ಲಿಗೆ ಬರುವ ಪೆನ್ ಡ್ರೈವ್‌ಗಳು ಊರೆಲ್ಲ ಸುತ್ತಿ ಬಂದಿರುತ್ತವೆ. ಕಾಲೇಜ್ ಹುಡುಗರ ಪ್ರಾಜೆಕ್ಟ್, ಯಾರದೋ ಲಗ್ನಪತ್ರಿಕೆ, ಸಂಘದ ಲೆಕ್ಕಪತ್ರ. "ಅಣ್ಣಾ, ಫೋಟೋ ಎಲ್ಲ ಮಾಯ ಆಗಿದೆ, ಬರೀ ಶಾರ್ಟ್‌ಕಟ್ ಕಾಣ್ತಿದೆ" ಅಂತ ಬರುತ್ತಾರೆ. ಈ ವೈರಸ್ ನಿಜವಾದ ಫೋಲ್ಡರನ್ನು ಹಿಡನ್ ಮಾಡಿ, ಅದೇ ಹೆಸರಲ್ಲಿ ಒಂದು ಶಾರ್ಟ್‌ಕಟ್ ಇಡುತ್ತದೆ. ಕ್ಲಿಕ್ ಮಾಡಿದರೆ ಹಿಂದೆ ವೈರಸ್ ಓಡುತ್ತದೆ, ಮುಂದೆ ಫೋಲ್ಡರೂ ತೆರೆದುಕೊಳ್ಳುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಅದೇ ಡ್ರೈವನ್ನು ಮಿಂಟ್‌ಗೆ ಹಾಕಿ ನೋಡಿ. ಬಚ್ಚಿಟ್ಟ ಫೋಲ್ಡರ್ ಕಣ್ಣೆದುರೇ ಇರುತ್ತದೆ, ಪಕ್ಕದಲ್ಲಿ ಒಂದೆರಡು ಕೆಬಿಯ ಶಾರ್ಟ್‌ಕಟ್ ಫೈಲ್ ಸುಮ್ನೆ ಬಿದ್ದಿರುತ್ತದೆ. ಅದನ್ನು ಡಿಲೀಟ್ ಮಾಡಿ ಡ್ರೈವ್ ವಾಪಸ್ ಕೊಡುತ್ತೇನೆ. ಲಿನಕ್ಸ್‌ಗೆ ವೈರಸ್ಸೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಅದು ವಿಂಡೋಸ್‌ಗಾಗಿ ಬರೆದ ವೈರಸ್, ಇಲ್ಲಿ ಓಡುವುದಿಲ್ಲ, ಅಷ್ಟೇ.

ಇನ್ನೊಂದು ಸಮಾಧಾನ, ಮಿಂಟ್‌ನಲ್ಲಿ ಬೇಕಾದ ಸಾಫ್ಟ್‌ವೇರ್ ಬಹುತೇಕ ಒಂದೇ ಕಡೆ ಸಿಗುತ್ತದೆ, ಅಪ್‌ಡೇಟ್ ಕೂಡ ಅಲ್ಲಿಂದಲೇ. ವಿಂಡೋಸ್‌ನಲ್ಲಿ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಕಳ್ಳ ಫೈಲ್, ಹುಡುಕುವ ಚಾಳಿ ನಮ್ಮೂರಲ್ಲಿ ಜಾಸ್ತಿ. "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಅಂತ ಆ ಕ್ರ್ಯಾಕೇ ಹೇಳುತ್ತದೆ. ಮನೆ ಬಾಗಿಲನ್ನು ನಾವೇ ತೆಗೆದುಕೊಟ್ಟ ಹಾಗಲ್ವಾ?

ಹಾಗಂತ ಓಪನ್ ಸೋರ್ಸ್‌ನವರು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ಲಿನಕ್ಸ್‌ನಲ್ಲಿ ಅಡ್ಮಿನ್ ಅಧಿಕಾರ ಕೊಡುವ ಪಿಕೆಎಕ್ಸೆಕ್ ಅನ್ನುವ ಪ್ರೋಗ್ರಾಂನಲ್ಲಿ 2009ರಿಂದ ಇದ್ದ ತೂತು ಹೊರಬಿದ್ದದ್ದು 2022ರಲ್ಲಿ. ಯಾರು ಬೇಕಾದರೂ ಕೋಡ್ ನೋಡಬಹುದು, ನಿಜ. ಆದರೆ ನೋಡುವವರು ಇರಬೇಕಲ್ಲ! 2024ರ ಮಾರ್ಚ್‌ನಲ್ಲಿ ಹೊರಬಿದ್ದ ಎಕ್ಸ್‌ಝಡ್ (ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್) ಪ್ರಕರಣ ಇನ್ನೂ ಭಯ ಹುಟ್ಟಿಸುತ್ತದೆ. ಯಾರೋ ಒಬ್ಬ ಅದರ ಕೋಡ್ ಬರೆಯಲು ವರ್ಷಗಟ್ಟಲೆ ಸಹಾಯ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳದಾರಿ ತೂರಿಸಿದ. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲಾ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್ ಬೆನ್ನು ಹತ್ತಿ ಹೋಗಿದ್ದರಿಂದ ಬಚಾವ್. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲೇ! ಮಿಂಟ್ ಕೂಡ ಹೊರತಲ್ಲ. 2016ರಲ್ಲಿ ಅದರ ವೆಬ್‌ಸೈಟಿಗೇ ನುಗ್ಗಿ, ಕಳ್ಳದಾರಿ ಇರುವ ಫೈಲಿಗೆ ಲಿಂಕ್ ಕೊಟ್ಟಿದ್ದರು. ಅದಕ್ಕೇ ಡೌನ್‌ಲೋಡ್ ಆದ ಮೇಲೆ ಚೆಕ್‌ಸಮ್ (ಫೈಲ್ ಅಸಲಿಯೇ ಅಂತ ತೋರಿಸುವ ಸಂಖ್ಯೆ) ತಾಳೆ ನೋಡದೆ ಇನ್‌ಸ್ಟಾಲ್ ಮಾಡಬೇಡಿ.

ವಿಂಡೋಸ್ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ, ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಮಷೀನ್‌ಗಳು ಸಿಕ್ಕಿಬಿದ್ದವು. ವಿಂಡೋಸ್ ಜೊತೆಗೇ ಬರುವ ಈಗಿನ ಆ್ಯಂಟಿವೈರಸ್ ಡಿಫೆಂಡರ್ ಚೆನ್ನಾಗಿದೆ, ನಮ್ಮಂಥ ಅಂಗಡಿಗೆ ಬೇರೆ ಆ್ಯಂಟಿವೈರಸ್ ಬೇಕಿಲ್ಲ. ಟ್ಯಾಲಿಗೆ, ಬೆರಳ ಗುರುತು ಓದುವ ಯಂತ್ರಕ್ಕೆ, 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಕನ್ನಡ ಫೈಲುಗಳಿಗೆ ನಮ್ಮಲ್ಲಿ ಇವತ್ತಿಗೂ ವಿಂಡೋಸೇ ಗತಿ. ಆ ಮಷೀನ್‌ಗೆ ಗಿರಾಕಿಗಳ ಪೆನ್ ಡ್ರೈವ್ ಹಾಕುವುದಿಲ್ಲ.

ಇನ್ನು ಫೋನಿಗೆ ಬಂದ ಓಟಿಪಿಯನ್ನು ಯಾರಿಗೋ ಹೇಳಿಬಿಟ್ಟರೆ ಎರಡೂ ಕಾಪಾಡುವುದಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇಲ್ಲದ ಹಳೇ ಮಷೀನ್‌ಗೆ ವಿಂಡೋಸ್ 11 ಅನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕುವ ಮೊದಲು ಮಿಂಟ್ 22 ಹಾಕಿ ನೋಡಿ. 4 ಜಿಬಿ ರ‍್ಯಾಮ್ ಇದ್ದರೆ ಸಾಕು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಮೊದಲು ಪೆನ್ ಡ್ರೈವ್‌ನಿಂದಲೇ ಲೈವ್ ಬೂಟ್ ಮಾಡಿ (ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡಿಸಿ), ನಿಮ್ಮ ಪ್ರಿಂಟರ್, ಸ್ಕ್ಯಾನರ್ ಓಡುತ್ತವಾ ನೋಡಿಕೊಳ್ಳಿ.