ಕತ್ತಲೆ ನಕ್ಷೆ: ಫಿಲ್ಟರ್ ಸಾಕೇ, ಹೊಸ ಶೈಲಿಯೇ ಬೇಕೇ?

ಕಲಬುರಗಿಯ ನಕ್ಷೆ ತೋರಿಸುವ ಜಾಲತಾಣಕ್ಕೆ ಡಾರ್ಕ್ ಮೋಡ್ (ಕಡು ಹಿನ್ನೆಲೆಯ ನೋಟ) ಅಳವಡಿಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ಈಗಿರುವ ಚಿತ್ರ ಟೈಲ್‌ಗಳ (ನಕ್ಷೆಯನ್ನು ಜೋಡಿಸುವ ಚೌಕಾಕಾರದ ಚಿತ್ರದ ತುಣುಕುಗಳ) ಮೇಲೆ ಸಿಎಸ್‌ಎಸ್ ಫಿಲ್ಟರ್, ಅಂದರೆ ಬ್ರೌಸರ್‌ನಲ್ಲೇ ಬಣ್ಣ ಬದಲಿಸುವ ಸೂಚನೆ, ಹಾಕುವುದು. ಒಂದೆರಡು ಸಾಲಿನ ಕೆಲಸ, ಸರ್ವರ್‌ಗೆ ಹೆಚ್ಚಿನ ಹೊರೆಯಿಲ್ಲ. ಆದರೆ ಬಣ್ಣಗಳನ್ನು ಬರಿದೇ ತಿರುವುಮುರುವು ಮಾಡಿದರೆ ತಿಳಿನೀಲಿಯ ಅಪ್ಪನ ಕೆರೆ ಕಡುಕಂದು ಬಣ್ಣಕ್ಕೆ ತಿರುಗಿ, ಆಗಷ್ಟೇ ಉತ್ತ ತೊಗರಿ ಹೊಲದಂತೆ ಕಾಣುತ್ತದೆ. ಜೊತೆಗೆ ವರ್ಣವನ್ನು ಬಣ್ಣದ ಚಕ್ರದಲ್ಲಿ 180 ಡಿಗ್ರಿ ಹೊರಳಿಸಿದಾಗಲೇ ಅದು ಮತ್ತೆ ನೀಲಿಯತ್ತ ಬರುವುದು. ಉಪಗ್ರಹ ಚಿತ್ರಕ್ಕಂತೂ ಈ ತಂತ್ರ ತಕ್ಕುದಲ್ಲ.

ಎರಡನೆಯದು, ವೆಕ್ಟರ್ ಟೈಲ್‌ಗಳಿಗೆ (ಸಿದ್ಧ ಚಿತ್ರದ ಬದಲು ಗೆರೆ, ಆಕಾರ, ಹೆಸರುಗಳ ಮಾಹಿತಿಯಿರುವ ತುಣುಕುಗಳಿಗೆ) ಪ್ರತ್ಯೇಕ ಕತ್ತಲೆ ಶೈಲಿ ಬರೆಯುವುದು. ಕೋಟೆಯ ಗೋಡೆ, ರೈಲು ಹಳಿ, ಓಣಿಯ ಹೆಸರು ಎಲ್ಲಕ್ಕೂ ಬೇರೆಬೇರೆಯಾಗಿ ಬಣ್ಣ ಆರಿಸಬೇಕಾದ್ದರಿಂದ ಇದು ತಾಳ್ಮೆ ಬೇಡುತ್ತದೆ; ಪ್ರತಿಯಾಗಿ, ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಕಲಸಿಹೋಗದಂತೆ ಅಕ್ಷರದ ಸುತ್ತಲಿನ ಅಂಚನ್ನು ತಿದ್ದಿ, ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ ಹೇಳುವ, ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ 4.5:1ರ ಕಾಂಟ್ರಾಸ್ಟ್ ಕಾಯ್ದುಕೊಳ್ಳಬಹುದು. ಸಮಯವಿದ್ದರೆ ನನ್ನ ಒಲವು ಇದರತ್ತ. ಇಲ್ಲದಿದ್ದರೆ ಫಿಲ್ಟರ್‌ನಿಂದ ಆರಂಭಿಸಿದರೂ ಅಡ್ಡಿಯಿಲ್ಲ.

ಯಾವುದನ್ನೇ ಆರಿಸಿದರೂ, ಫೋನಿನ ಸೆಟ್ಟಿಂಗನ್ನು ಅನುಸರಿಸುವುದರ ಜೊತೆಗೆ ನಕ್ಷೆಯ ಮೇಲೆಯೇ ಒಂದು ಬದಲಾವಣೆಯ ಗುಂಡಿ ಇಡಬೇಕು: ಫೋನನ್ನು ಸದಾ ಡಾರ್ಕ್‌ನಲ್ಲಿಟ್ಟವರು ಮೇ ತಿಂಗಳ ಮಟಮಟ ಮಧ್ಯಾಹ್ನ ಸೂಪರ್ ಮಾರ್ಕೆಟ್ ಬಳಿ ನಿಂತು ನೋಡಿದರೆ, ಪರದೆಯಲ್ಲಿ ದಾರಿಗಿಂತ ತಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ.